ಕೆಂಪು ತುದಿಯ ಧೂಳು

ಮೋಮಿನಪುರ, ಕಲಬುರಗಿ
4 ಜನವರಿ 2025

ಗುರುಗಳಾದ ರಘೂತ್ತಮ ಸರ್ ಅವರಿಗೆ, ಮಕ್ಬೂಲ್ ಮಾಡುವ ಸಲಾಂ ಮತ್ತು ನಮಸ್ಕಾರ.

ಮೊದಲು ಕನಸು ಹೇಳುತ್ತೇನೆ ಸರ್, ಆಮೇಲೆ ಕ್ಷೇಮ ಸಮಾಚಾರ. ಕನಸಿನಲ್ಲಿ ನನ್ನ ಮಗಳು ಅಲ್ಫಿಯಾ ಹಡೆದಿದ್ದಳು. ಹೆಂಗಸರು ಸುತ್ತ ಕುಳಿತಿದ್ದರು. ಕೂಸು ಸೀನಿತು. ಮೂಗಿನಿಂದ ಬೂದಿ ಬಣ್ಣದ ಪುಡಿ ಬಂತು, ಲೋಹ ಮಸೆಯುವ ಗ್ರೈಂಡರ್ ಕಲ್ಲಿನ ಕೆಳಗೆ ಬೀಳುತ್ತದಲ್ಲ, ಅಂಥದೇ. ಹೆಂಗಸರೆಲ್ಲ ನಕ್ಕು, ‘ಅಜ್ಜನ ಕಸಬು ಹುಟ್ಟೂತ್ಲೇ ಬಂದದ’ ಎಂದರು. ನಾನು ಮಾತ್ರ ಒರೆಸುತ್ತಲೇ ಇದ್ದೆ. ಒರೆಸಿದಷ್ಟೂ ಬರುತ್ತಿತ್ತು.

ನಾನು ಯಾರೆಂದು ನಿಮಗೆ ನೆನಪಿರಲಿಕ್ಕಿಲ್ಲ. ಎಂಟನೆಯ ತರಗತಿ ಮುಗಿಸಿ ನಿಮ್ಮ ಐಟಿಐ ವೆಲ್ಡಿಂಗ್ ವಿಭಾಗಕ್ಕೆ ಬಂದು, ತಂದೆ ಹಾಸಿಗೆ ಹಿಡಿದರೆಂದು ಆರೇ ತಿಂಗಳಿಗೆ ಬಿಟ್ಟವನು, 1995ರಲ್ಲಿ. ಆ ಆರು ತಿಂಗಳಲ್ಲಿ ಕಲಿತದ್ದರ ಮೇಲೆಯೇ ಇವತ್ತಿನವರೆಗೆ ಸ್ಟೀಲಿನ ಕೆಲಸ ಮಾಡಿ ಉಣ್ಣುತ್ತಿದ್ದೇನೆ. ಹೋಟೆಲಿನ ಕಟ್ಟೆ, ಹಾಲಿನ ಕ್ಯಾನು, ಸಿಂಕು. ನಿಮಗೆ ಈಗ ಕಿವಿ ಕೇಳಿಸುವುದಿಲ್ಲ, ಫೋನ್ ಮಾಡಿ ಉಪಯೋಗವಿಲ್ಲ ಎಂದು ನಿಮ್ಮ ಊರಿನಿಂದ ಕೆಂಪು ಬಾಳೆಹಣ್ಣು ತರುವವನು ಹೇಳಿದ. ಅದಕ್ಕೇ ಪತ್ರ. ತಪ್ಪಿದ್ದಲ್ಲಿ ತಿದ್ದಿ ಓದಿರಿ.

ಹದಿನೈದು ದಿನದ ಹಿಂದೆ ಆರ್ಗಾನ್ ವೆಲ್ಡಿಂಗಿನ ಟಂಗ್‌ಸ್ಟನ್ ಕಡ್ಡಿಯ ಹೊಸ ಪಾಕೀಟು ತಂದೆ. ತುದಿಗೆ ಕೆಂಪು ಬಣ್ಣ, ಯಾವಾಗಲೂ ತರುವುದೇ. ಈ ಸಲ ಅದರೊಳಗೆ ಹಳದಿ ಚೀಟಿ ಇತ್ತು, ಮೂರು ಎಲೆಯ ಕರಿ ಗುರುತಿನದು. ಅದೇ ಗುರುತನ್ನು ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಬಾಗಿಲ ಮೇಲೆ ನೋಡಿದ್ದೇನೆ. ಇಂಗ್ಲಿಷ್ ನನಗೆ ಬಾರದು. ಮಾರಿದವನನ್ನು ಕೇಳಿದರೆ, ‘ಮಕ್ಬೂಲ್ ಭಾಯಿ, ಇಪ್ಪತ್ತು ವರ್ಸದಿಂದ ಒಯ್ಯಾಕತ್ತೀರಿ, ಇವತ್ತ ಚೀಟಿ ನೋಡಿ ಅಂಜ್ತೀರೇನು? ಹರದು ಒಗೀರಿ’ ಎಂದ. ಹರಿಯಲಿಲ್ಲ. ಇದರೊಳಗೆ ಇಟ್ಟಿದ್ದೇನೆ.

ನಮ್ಮ ಮನೆ ಹೇಗೆಂದರೆ, ಮುಂದೆ ಅಂಗಡಿ, ನಡುವೆ ಒಂದು ಪರದೆ, ಹಿಂದೆ ಒಳಕೋಣೆ. ಅಲ್ಫಿಯಾಳನ್ನು ನಿಮ್ಮ ಕಮಲಾಪುರಕ್ಕೇ ಕೊಟ್ಟಿದ್ದೇನೆ. ಈಗ ಆರು ತಿಂಗಳು ತುಂಬಿದೆ. ಚೊಚ್ಚಲು ಹೆರಿಗೆ ತವರಿನಲ್ಲಿ. ಹತ್ತೊಂಬತ್ತನೆಯ ತಾರೀಕು ಅವಳ ಅತ್ತೆಯ ಮನೆಯಲ್ಲಿ ಸತ್ವಾಸಾ, ಅಂದರೆ ಏಳನೆಯ ತಿಂಗಳ ಉಡಿ ತುಂಬುವ ಶಾಸ್ತ್ರ. ಅದು ಮುಗಿಸಿ ಅವತ್ತೇ ಅವಳನ್ನು ಕರೆತರಬೇಕು. ಬಾಣಂತನ ಮುಗಿಯುವವರೆಗೆ ಅವಳು, ಆಮೇಲೆ ಕೂಸು, ಆ ಒಳಕೋಣೆಯಲ್ಲೇ.

ಕರೆತರಲೋ ಬೇಡವೋ. ಇಷ್ಟೇ ನನ್ನ ಪ್ರಶ್ನೆ. ನನ್ನ ಹೆಂಡತಿ ಜೈನಾಬಿ, ‘ಆಕಿ ಹುಟ್ಟಿ ಬೆಳದದ್ದೂ ಇದೇ ಮನ್ಯಾಗ. ನಿಮಗ ಚಿಂತಿ ಮಾಡಾಕ ಏನರ ಒಂದು ಬೇಕು’ ಎನ್ನುತ್ತಾಳೆ. ನೀವು ಹೇಳಿದಂತೆ ಕೇಳುತ್ತೇನೆ.

ನಿಮ್ಮ ಮಕ್ಬೂಲ್


ಕಮಲಾಪುರ
8 ಜನವರಿ 2025

ಚಿರಂಜೀವಿ ಮಕ್ಬೂಲನಿಗೆ ಆಶೀರ್ವಾದ.

ನಿನ್ನನ್ನು ಮರೆತಿಲ್ಲ. ಯಂತ್ರ ನಿಲ್ಲಿಸಿದ ಮೇಲೂ ಮತ್ತೆ ಬಂದು ಎರಡು ಸಲ ಸ್ವಿಚ್ ಮುಟ್ಟಿ ನೋಡುತ್ತಿದ್ದವನು ನೀನೊಬ್ಬನೇ.

ಚೀಟಿ ಓದಿದೆ. ಕೆಂಪು ತುದಿಯ ಕಡ್ಡಿಯಲ್ಲಿ ನೂರಕ್ಕೆ ಎರಡು ಪಾಲು ಥೋರಿಯಂ ಬೆರೆಸಿರುತ್ತಾರೆ. ಅದು ವಿಕಿರಣ ಸೂಸುವ ಪದಾರ್ಥ. ಇಲ್ಲಿಗೇ ಓದು ನಿಲ್ಲಿಸಬೇಡ. ಅದರ ಮುಖ್ಯ ಕಿರಣ ಒಂದು ಹಾಳೆಯನ್ನು ದಾಟಲಾರದು, ನಿನ್ನ ಚರ್ಮವನ್ನೂ ದಾಟಲಾರದು. ಕಡ್ಡಿ ಡಬ್ಬಿಯಲ್ಲಿದ್ದಾಗ, ಕೈಯಲ್ಲಿದ್ದಾಗ ಹೇಳಿಕೊಳ್ಳುವಂಥ ಅಪಾಯವಿಲ್ಲ. ಬೆಸುಗೆಯ ವೇಳೆಯೂ ತೀರ ಕಡಿಮೆ. ಆದರೆ ಮೊನೆ ಮಾಡಲು ಕಲ್ಲಿಗೆ ಹಿಡಿದಾಗ ಏಳುವ ನುಣ್ಣನೆಯ ಧೂಳು ಉಸಿರಿನ ಜೊತೆ ಹೋದರೆ, ಅಥವಾ ಕೈಯಿಂದ ಬಾಯಿಗೆ ಹೋದರೆ, ಒಳಗೇ ಕೂಡುತ್ತದೆ. ಅಲ್ಲಿ ತಡೆಯಲು ಹಾಳೆಯೂ ಇಲ್ಲ, ಚರ್ಮವೂ ಇಲ್ಲ. ಕಾಳಜಿ ಮಾಡಬೇಕಾದ್ದು ಅಷ್ಟಕ್ಕೆ.

ಕೆಂಪು ತುದಿಯದನ್ನು ಇವತ್ತೇ ಬಿಡು. ಥೋರಿಯಂ ಇಲ್ಲದ ನೀಲಿ ತುದಿಯ ಕಡ್ಡಿ ಸಿಗುತ್ತದೆ, ಸ್ಟೀಲಿಗೆ ಚೆನ್ನಾಗಿ ನಡೆಯುತ್ತದೆ. ಅದರ ಧೂಳೂ ಧೂಳೇ. ಮೊನೆ ಮಾಡುವಾಗ ಕೊರೊನಾ ಕಾಲದ ಎನ್-95 ಮುಖಕ್ಕೆ ಬಿಗಿಯಾಗಿ ಇರಲಿ. ಗ್ರೈಂಡರಿನ ಹತ್ತಿರ ಚಹಾ ಕುಡಿಯಬೇಡ. ಒಳಗೆ ಹೋಗುವ ಮೊದಲು ಕೈ ತೊಳೆದು ಅಂಗಿ ಬದಲಿಸು. ಕಲ್ಲಿನ ಕೆಳಗಿನ ಪುಡಿಯನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ ಹೆಸರು ಬರೆದಿಡು. ಚರಂಡಿಗೂ ಬೇಡ, ಗುಜರಿಯವನಿಗೂ ಬೇಡ.

ಮಗಳನ್ನು ಕರೆತರಬಹುದು. ಆದರೆ ಅದಕ್ಕೆ ಮೊದಲು ಅಂಗಡಿಯ ಹಳೆಯ ಧೂಳು ಪೂರ್ತಿ ಹೋಗಿರಬೇಕು.

ಮೊನೆ ಮಾಡುವ ಕೈ ನಿನ್ನದೇ ತಾನೇ? ಎಷ್ಟು ವರ್ಷದಿಂದ? ಬರೆ.

ರಘೂತ್ತಮ


ಮೋಮಿನಪುರ
13 ಜನವರಿ 2025

ಪೂಜ್ಯ ಸರ್ ಅವರಿಗೆ ಸಲಾಂ.

ನಿಮ್ಮ ಪತ್ರ ಹತ್ತನೆಯ ತಾರೀಕಿಗೆ ಸಿಕ್ಕಿತು. ಕಣ್ಣಿಗೆ ಒತ್ತಿಕೊಂಡೆ. ಮೂವತ್ತು ವರ್ಷದ ಮೇಲೆ ಬಂದು ಕೇಳಿದವನಿಗೆ ಎರಡು ಪುಟ ಉತ್ತರ ಬರೆಯುವವರು ಯಾರಿದ್ದಾರೆ. ನಿಮ್ಮ ಉಪಕಾರ ತೀರಿಸಲಾರೆ.

ನೀವು ಹೇಳಿದ್ದನ್ನೆಲ್ಲ ಮಾಡಿದ್ದೇನೆ. ಕೆಂಪು ಕಡ್ಡಿ ಕಟ್ಟಿ ಮೇಲಿಟ್ಟೆ, ನೀಲಿ ತಂದೆ, ಮಾಸ್ಕ್ ತಂದೆ, ಪುಡಿ ಡಬ್ಬಿಗೆ ಹಾಕಿದೆ. ಧೂಳು ಪೂರ್ತಿ ಹೋಗಬೇಕೆಂದು ಬರೆದಿದ್ದಿರಿ. ಶುಕ್ರವಾರ ಕೆಲಸ ಬಂದ್ ಮಾಡಿ, ಕಂಪ್ರೆಸರಿಗೆ ಉದ್ದ ಪೈಪು ಹಚ್ಚಿ, ಗೋಡೆಯ ಮೂಲೆ, ತೊಲೆಯ ಸಂದಿ, ಗ್ರೈಂಡರಿನ ಹೊಟ್ಟೆ, ಎಲ್ಲ ಊದಿ ಊದಿ ತೆಗೆದೆ. ಮೂರು ತಾಸು ಊದಿದೆ. ಅಂಗಡಿ ಈಗ ಮದುವೆ ಮನೆಯ ಹಾಗೆ ಹೊಳೆಯುತ್ತಿದೆ.

ಜೈನಾಬಿ ಕೂಸಿಗೆ ಕೌದಿ ಹೊಲೆದು ಮುಗಿಸಿದ್ದಾಳೆ. ಹೊಸ ಬಟ್ಟೆ ಹಸುಗೂಸಿಗೆ ಚುಚ್ಚುತ್ತದೆ, ಅದಕ್ಕೆ ನಮ್ಮಲ್ಲಿ ಕೂಸಿನ ಕೌದಿಗೆ ಹಿರಿಯರು ಉಟ್ಟು ತೊಟ್ಟು ಮೆತ್ತಗಾದ ಬಟ್ಟೆಯೇ ಆಗಬೇಕು. ನನ್ನ ಹಳೆಯ ಅಂಗಿಗಳೆಲ್ಲ ಅದರೊಳಗೆ ಹೋಗಿವೆ. ಸತ್ವಾಸಾದ ತಟ್ಟೆಯಲ್ಲಿ ಅದನ್ನೇ ಮೇಲಿಡುತ್ತಾಳಂತೆ.

ಮೊನೆ ಮಾಡುವ ಕೈ ಯಾರದೆಂದು ಕೇಳಿದ್ದೀರಿ. ಈಗ ನನ್ನದೇ ಸರ್.

ನಿಮ್ಮ ಮಕ್ಬೂಲ್


ಕಮಲಾಪುರ
14 ಜನವರಿ 2025

ಮಕ್ಬೂಲನಿಗೆ ಆಶೀರ್ವಾದ.

ನಿನ್ನ ಉತ್ತರ ಇನ್ನೂ ಬಂದಿಲ್ಲ. ಹಬ್ಬದ ಎಳ್ಳು ತಿನ್ನುತ್ತ ಕುಳಿತಾಗ ನೆನಪಾಯಿತು, ಒಂದು ಮಾತು ಬಿಟ್ಟಿದ್ದೇನೆ. ಧೂಳನ್ನು ಒಣಗಿದ್ದಾಗ ಗುಡಿಸಬೇಡ. ಕಂಪ್ರೆಸರ್ ಗಾಳಿಯಿಂದಂತೂ ಊದಲೇಬೇಡ. ಕೂತ ಧೂಳು ಎದ್ದು ಮನೆಯೆಲ್ಲ ಹರಡುತ್ತದೆ. ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಹಸಿಯಿದ್ದಾಗಲೇ ಚೀಲದಲ್ಲಿ ಕಟ್ಟಿಡು. ಮೊದಲೇ ಬರೆಯಬೇಕಿತ್ತು. ತಪ್ಪು ನನ್ನದು.

ರಘೂತ್ತಮ


ಕಮಲಾಪುರ
16 ಜನವರಿ 2025

ಮಕ್ಬೂಲನಿಗೆ ಆಶೀರ್ವಾದ.

ನಿನ್ನ ಪತ್ರ ಈಗ ಬಂತು. ಮೂರು ತಾಸು ಊದಿದೆ ಎಂಬ ಸಾಲು ಓದಿ ಪತ್ರ ಕೆಳಗಿಟ್ಟು ಸ್ವಲ್ಪ ಹೊತ್ತು ಅಂಗಳದಲ್ಲಿ ತಿರುಗಾಡಿದೆ. ಆದದ್ದಾಯಿತು, ಒರೆಸಿದರೆ ಹೋಗುತ್ತದೆ.

ಎರಡು ಪ್ರಶ್ನೆಗೆ ಉತ್ತರ ಬೇಕು. ಕೌದಿಗೆ ಹೋದ ಅಂಗಿಗಳು ಅಂಗಡಿಯಲ್ಲಿ ತೊಟ್ಟವೋ, ಹೊರಗೆ ತೊಟ್ಟವೋ? ಅಂಗಡಿಯವಾದರೆ ಆ ಕೌದಿ ಕೊಡಬೇಡ. ತೊಳೆದ ಬಟ್ಟೆಯಲ್ಲಿ ಉಳಿಯುವುದು ಬಹಳ ಅಲ್ಪ. ಆದರೂ ಕೂಸು ಮೂಗು ಒತ್ತಿ ಮಲಗುವ ಜಾಗ ಅದು.

ಎರಡನೆಯದು. ಮೊನೆ ಮಾಡುವ ಕೈ ‘ಈಗ’ ನನ್ನದು ಎಂದಿದ್ದೀಯ. ಮೊದಲು ಯಾರದಿತ್ತು?

ರಘೂತ್ತಮ


ಮೋಮಿನಪುರ
20 ಜನವರಿ 2025

ಸರ್,

ನಿಮ್ಮ ಎರಡೂ ಪತ್ರ ಇವತ್ತು ಒಟ್ಟಿಗೇ ಬಂದವು. ಸತ್ವಾಸಾ ನಿನ್ನೆ ಮುಗಿಯಿತು. ಕೌದಿ ಕೊಟ್ಟಾಗಿದೆ. ಅಂಗಿಗಳು ಅಂಗಡಿಯವೇ. ಗ್ರೈಂಡರಿನ ಮುಂದೆ ತೊಟ್ಟವೇ.

ಮೊದಲು ಮೊನೆ ಮಾಡುತ್ತಿದ್ದವಳು ಅಲ್ಫಿಯಾ. ಒಂಬತ್ತನೆಯ ತರಗತಿಯಿಂದ ಮದುವೆಯವರೆಗೆ, ಆರು ವರ್ಷ. ನನ್ನ ಕೈಯಲ್ಲಿ ಮೊನೆ ಡೊಂಕಾಗುತ್ತದೆ. ಅವಳದು ಪೆನ್ಸಿಲ್ ಕೆತ್ತಿದ ಹಾಗೆ ಬರುತ್ತಿತ್ತು. ಶಾಲೆಯಿಂದ ಬಂದು ಕುಳಿತಳೆಂದರೆ ವಾರಕ್ಕಾಗುವಷ್ಟು ಕಡ್ಡಿ ಮಾಡಿ ಏಳುವಳು. ಬಂದವರಿಗೆಲ್ಲ ತೋರಿಸಿ ಹೆಮ್ಮೆಪಡುತ್ತಿದ್ದೆ. ನಾನೇ ಅವಳನ್ನು ಅಲ್ಲಿ ಕೂರಿಸಿದವನು. ಇದನ್ನು ನಿಮಗೆ ಬರೆಯಲು ಪೆನ್ನು ಏಳಲಿಲ್ಲ. ಬರೆದರೆ ಖರೆ ಆಗುತ್ತದೆ ಅನ್ನಿಸಿತ್ತು.

ನಿನ್ನೆ ಆದದ್ದನ್ನೂ ಹೇಳಿಬಿಡುತ್ತೇನೆ. ಊದಿದ ಮರುದಿನ ಒಳಕೋಣೆಯ ಕನ್ನಡಿಯ ಮೇಲೆ ಬೂದಿ ಬಣ್ಣದ ಪೊರೆ ಕೂತಿದ್ದು ನೋಡಿದ್ದೆ. ಬೆರಳಿಂದ ಗೀರಿದರೆ ಗೆರೆ ಮೂಡಿತು. ಜೈನಾಬಿಗೂ ಹೇಳಲಿಲ್ಲ. ನಿನ್ನೆ ಉಡಿ ತುಂಬಿಯಾಯಿತು, ಬೀಗತಿ ಗೌಸಿಯಾ ಅವರು ಅಲ್ಫಿಯಾಳ ಬ್ಯಾಗು ಬಾಗಿಲಿಗೆ ತಂದಿಟ್ಟರು. ನಾನು ಎದ್ದು ನಿಂತು, ‘ಮನಿ ರಿಪೇರಿ ನಡದಾದ್ರೀ, ಇನ್ನೊಂದು ತಿಂಗಳ ಬಿಟ್ಟು ಕರ್ಕೊಂಡು ಹೋಗ್ತೀವಿ’ ಎಂದೆ. ಜೈನಾಬಿ ನನ್ನ ಮುಖವನ್ನೇ ನೋಡಿದಳು. ಗೌಸಿಯಾ ಅವರು, ‘ಏಳನೇ ತಿಂಗಳಾಗ ತವರಿನವರು ಬಿಟ್ಟು ಹೋದ ಸೊಸಿ ನಮ್ಮ ಖಾಂದಾನದಾಗ ಈಕಿನೇ ಮೊದಲು’ ಎಂದರು. ಅಲ್ಫಿಯಾ ಬ್ಯಾಗು ಎತ್ತಿಕೊಂಡು ಒಳಗೆ ಹೋದಳು. ಬಸ್ಸಿನಲ್ಲಿ ಜೈನಾಬಿ ನನ್ನ ಪಕ್ಕದ ಸೀಟಿನಲ್ಲಿ ಕೂರಲಿಲ್ಲ.

ಸರ್, ಆ ಕೌದಿ ವಾಪಸು ತರಬೇಕು. ನಾನು ಹೋದರೆ ಬೀಗತಿ ಒಳಗೆ ಬಿಡುವುದಿಲ್ಲ. ಫೋನಿನಲ್ಲಿ ಮಗಳ ದನಿ ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ. ನೀವು ಅದೇ ಊರಿನಲ್ಲಿದ್ದೀರಿ. ಬಜಾರಿನ ಹಿಂದೆ, ನೀರಿನ ಟಾಕಿಯ ಎದುರಿನ ಹಸಿರು ಬಾಗಿಲು. ಕೇಳಲು ನಾಚಿಕೆಯಾಗುತ್ತದೆ. ಆದರೂ ಕೇಳುತ್ತಿದ್ದೇನೆ.

ಮಕ್ಬೂಲ್


ಕಮಲಾಪುರ
24 ಜನವರಿ 2025

ಮಕ್ಬೂಲನಿಗೆ ಆಶೀರ್ವಾದ.

ಹೋಗಿ ಬಂದೆ. ಕೌದಿ ನನ್ನ ಹತ್ತಿರ ಇದೆ. ಇಷ್ಟು ಮೊದಲು ಓದಿಕೊಂಡು ನೀರು ಕುಡಿ, ಆಮೇಲೆ ಮುಂದಿನದು.

ನಾನು ಮಾತಾಡುತ್ತೇನೆ, ಎದುರಿನವರು ನನ್ನ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಬೇಕು. ಹೀಗೆಯೇ ನನ್ನ ಸಂಸಾರ ನಡೆದಿದೆ. ಗೌಸಿಯಾ ಅವರಿಗೆ ಕನ್ನಡ ಬರೆಯಲು ಬಾರದು, ಹಾಗಾಗಿ ಅವರು ಹೇಳಿದ್ದನ್ನು ನಿನ್ನ ಮಗಳು ಬರೆದಳು. ಅವರು ಹತ್ತು ನಿಮಿಷ ಕೈ ಆಡಿಸಿ ಮಾತಾಡಿದರು, ಮಗಳು ಬರೆದದ್ದು ಒಂದೇ ಸಾಲು: ‘ಅತ್ತಿಯವರಿಗೆ ಸ್ವಲ್ಪ ಬ್ಯಾಸರಾಗ್ಯಾದ.’ ನಿನ್ನ ಮಗಳು ಜಾಣೆ.

ನಾನು ಒಂದು ದಡ್ಡತನ ಮಾಡಿದೆ. ಮನೆಯಿಂದಲೇ ಮಾಸ್ಕ್, ರಬ್ಬರ್ ಕೈಗವಸು ಒಯ್ದಿದ್ದೆ. ಹಾಕಿಕೊಂಡು, ಕೌದಿಯ ಮೇಲೆ ನೀರು ಚಿಮುಕಿಸಿ ಪ್ಲಾಸ್ಟಿಕ್ ಚೀಲ ತೆರೆದೆ. ಹೆಂಗಸರೆಲ್ಲ ಗೋಡೆಗೆ ಸರಿದರು. ಆಗ ನೋಟ್‌ಬುಕ್ಕಿಗೆ ಬಂದದ್ದು: ‘ಅತ್ತಿ ಕೇಳಾಕತ್ತಾರ, ನಮ್ಮಪ್ಪಗ ಏನ್ ರೋಗ ಬಂದದ ಅಂತ.’ ಗವಸು ತೆಗೆದು, ನೆಲದ ಮೇಲೆ ಕುಳಿತು, ಕಡ್ಡಿ, ಕಲ್ಲು, ಧೂಳು, ಕೂಸಿನ ಮೂಗು, ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಮನೆ ರಿಪೇರಿ ಸುಳ್ಳು ಎಂದೂ ಹೇಳಿಬಿಟ್ಟೆ. ನಿನ್ನನ್ನು ಕೇಳದೆ ಹೇಳಿದ್ದಕ್ಕೆ ಕ್ಷಮಿಸು.

ಗೌಸಿಯಾ ಅವರು ನೋಟ್‌ಬುಕ್ಕನ್ನು ಸೊಸೆಯ ಕಡೆ ಸರಿಸಿದರು. ಆಮೇಲೆ ಬರೆಸಿದ್ದು ಇದು, ಹಾಳೆಯನ್ನೇ ಹರಿದು ಕಳಿಸುತ್ತಿದ್ದೇನೆ:

‘ಇಷ್ಟು ಮಾತು ಬಾಗಲದಾಗ ನಿಂತು ಹೇಳಾಕ ಅವರಿಗೆ ಏನಾಗಿತ್ತು? ನಾವೇನ್ ಹುಲಿ ಏನು? ಕೌದಿ ಒಯ್ರಿ. ಆದ್ರ ಬಸರಿ ಹೆಂಗಸಿನ ಉಡಿಗೆ ಹಾಕಿದ್ದು ತಗದ್ರ ಉಡಿ ಖಾಲಿ ಬಿಡಬಾರದು. ಬದಲಿ ಏನರ ಇಟ್ಟು ಒಯ್ರಿ.’

ನನ್ನ ಹತ್ತಿರ ಇದ್ದದ್ದು ಛತ್ರಿ ಒಂದೇ. ಮನೆಗೆ ಹೋಗಿ ನನ್ನ ಹೆಂಡತಿ ಸಾವಿತ್ರೀಬಾಯಿಗೆ ಹೇಳಿದೆ. ಆಕೆ ಒಳಗಿನಿಂದ ತನ್ನ ಒಂಬತ್ತು ವಾರಿಯ ಹಳೆಯ ನೂಲಿನ ಸೀರೆ ತಂದು, ತಾನೇ ನನ್ನ ಜೊತೆ ಬಂದು, ನಿನ್ನ ಮಗಳ ಉಡಿಯಲ್ಲಿಟ್ಟಳು. ಕೂಸಿನ ಕೌದಿಗೆ ಸಾಕಾಗಿ ಮಿಗುತ್ತದೆ. ಗೌಸಿಯಾ ಅವರು ಆಗಲೇ ಕತ್ತರಿ ತರಿಸಿದರು. ಇಬ್ಬರೂ ಕೂತು ಸೀರೆ ಹರಿದರು. ನಮ್ಮಾಕೆ ಗಂಟೆಗಟ್ಟಲೆ ಮಾತಾಡಿದಳು, ಏನೆಂದು ನನಗೆ ತಿಳಿಯದು. ಯಾರೂ ಬರೆದು ತೋರಿಸಲಿಲ್ಲ.

ಹೊರಡುವಾಗ ಅಲ್ಫಿಯಾ ನೋಟ್‌ಬುಕ್ ಇಸಿದುಕೊಂಡು ನಿಂತೇ ಬರೆದಳು. ಅದು ನಿನಗೆ ಸೇರಿದ್ದು, ಇಡುತ್ತಿದ್ದೇನೆ:

‘ಸರ್, ಅಬ್ಬಾಗ ಹೇಳ್ರಿ. ನಾ ಏನ್ ತಪ್ಪು ಮಾಡೀನಿ ಅದಕ್ಕ ಕರೀಲಿಲ್ಲ ಅಂತ ನಾಲ್ಕು ದಿನ ಅತ್ತೀನಿ. ಕಡ್ಡಿ ಮೊನಿ ಮಾಡೂವಾಗ ಧೂಳಿಗೆ ಸೀನು ಬರ್ತಾವ ಅಂತ ನಾ ದುಪಟ್ಟಾ ಮೂಗಿಗೆ ಕಟ್ಕೊಂಡೇ ಕೂಡ್ತಿದ್ದೆ, ಅವರು ನೋಡೇ ಇಲ್ಲ. ಅಲ್ಲಿ ಕೂಡಿಸ್ಯಾರ ಅಂತ ನನಗ ಸಿಟ್ಟಿಲ್ಲ. ನಮ್ಮ ಓಣ್ಯಾಗ ಯಾವ ಹುಡುಗಿಗೂ ಅಪ್ಪನ ಅಂಗಡ್ಯಾಗ ಕುರ್ಚಿ ಇದ್ದಿಲ್ಲ, ನನಗಿತ್ತು.’

ದುಪಟ್ಟಾ ಎನ್-95 ಅಲ್ಲ. ಆದರೂ ಏನೂ ಇಲ್ಲದ್ದಕ್ಕಿಂತ ಮೇಲು. ವಾರಕ್ಕೆ ಒಂದು ತಾಸೂ ಇಲ್ಲದ ಕೆಲಸ ಅದು. ಅವಳೊಳಗೆ ಹೋದದ್ದು ಇದ್ದರೂ ಅತ್ಯಲ್ಪ. ಸೊನ್ನೆ ಎಂದು ನಾನು ಹೇಳುವುದಿಲ್ಲ, ಯಾರಿಗೂ ಹೇಳಲಾರೆ. ಡಾಕ್ಟರಮ್ಮನಿಗೆ ಇದನ್ನು ತಿಳಿಸಲು ಅವಳಿಗೆ ಹೇಳಿದ್ದೇನೆ. ಉಳಿದದ್ದು ನಿನ್ನ ಕೆಲಸ: ಒಳಕೋಣೆ ಒರೆಸು.

ರಘೂತ್ತಮ


ಮೋಮಿನಪುರ
28 ಜನವರಿ 2025

ಪೂಜ್ಯ ಸರ್ ಅವರಿಗೆ ಮತ್ತು ಬಾಯಿಯವರಿಗೆ ಸಲಾಂ.

ನಿಮ್ಮ ಪತ್ರ ಇಪ್ಪತ್ತೈದಕ್ಕೇ ಸಿಕ್ಕಿತು. ಕುರ್ಚಿಯ ಮಾತು ಓದಿ ಜೈನಾಬಿಗೆ ಕೊಟ್ಟೆ. ಅವಳು ಓದಿ, ಮಡಚಿ, ತನ್ನ ಕುರಾನಿನ ಕಪಾಟಿನಲ್ಲಿಟ್ಟಳು. ಆಮೇಲೆ ನನ್ನ ಜೊತೆ ಮಾತು ಶುರು ಮಾಡಿದಳು, ಆರು ದಿನದ ಮೇಲೆ. ಮೊದಲನೆಯ ಮಾತು, ‘ಬಕೀಟು ಎಲ್ಲಿಟ್ಟೀರಿ?’

ನಾಲ್ಕು ದಿನ ಇಬ್ಬರೂ ಮಾಸ್ಕ್ ಕಟ್ಟಿಕೊಂಡು ಒರೆಸಿದ್ದೇವೆ. ತೊಲೆ, ಗೋಡೆ, ಕನ್ನಡಿ, ಪೆಟ್ಟಿಗೆಯ ಕೆಳಗೆ. ಮೂರು ಸಲ. ಬಟ್ಟೆಯನ್ನು ಹಸಿಯಿದ್ದಾಗಲೇ ಕಟ್ಟಿದ್ದೇವೆ. ಪರದೆ ಕಿತ್ತು ಇಟ್ಟಿಗೆ ಗೋಡೆ ಎತ್ತಿಸಿದೆ. ಮನೆಗೆ ಈಗ ಹಿಂದಿನ ಓಣಿಯಿಂದ ಬೇರೆ ಬಾಗಿಲು. ಮನೆ ರಿಪೇರಿ ಅಂದದ್ದು ಕೊನೆಗೆ ಖರೆಯೇ ಆಯಿತು ನೋಡಿರಿ. ಗ್ರೈಂಡರಿಗೆ ತಗಡಿನ ಪೆಟ್ಟಿಗೆ ಮಾಡಿದ್ದೇನೆ, ಧೂಳು ಎಳೆದು ಸೋಸುವ ಯಂತ್ರ ಹೈದರಾಬಾದಿನಿಂದ ಬರುತ್ತದೆ.

ಅಲ್ಫಿಯಾ ಫೋನ್ ಮಾಡಿದ್ದಳು. ಡಾಕ್ಟರಮ್ಮ ಎಲ್ಲ ಕೇಳಿ, ಕಾರ್ಡಿನಲ್ಲಿ ಬರೆದುಕೊಂಡು, ಈಗಿನಂತೆಯೇ ತಪಾಸಣೆಗೆ ಬರುತ್ತಿರು, ಕೂಸು ಚೆನ್ನಾಗಿ ಬೆಳೆದಿದೆ ಎಂದರಂತೆ. ನಾನು ಹೂಂ ಹೂಂ ಅಂದೆ ಅಷ್ಟೇ.

ಒಂದು ಮಾತು ಕೇಳಿದರೆ ಬಾಯಿಯವರು ಸಿಟ್ಟಾಗಬಾರದು. ಬೇರೆ ಯಾರೂ ಮಾಡದ ಉಪಕಾರ ಮಾಡಿದ್ದಾರೆ, ಕೇಳುವ ನನ್ನ ಬಾಯಿ ಸುಡಲಿ. ಆದರೆ ಸರ್, ನೀವೂ ಎಷ್ಟೋ ವರ್ಷ ಇದೇ ಕಡ್ಡಿ ಕಲ್ಲಿಗೆ ಹಿಡಿದವರು. ನಿಮ್ಮ ಖಾಕಿ ಬಟ್ಟೆ ಮತ್ತು ಬಾಯಿಯವರ ಆ ಸೀರೆ ಒಂದೇ ಬಕೀಟಿನಲ್ಲಿ ನೆನೆದಿದ್ದವೇನು?

ಮಕ್ಬೂಲ್


ಕಮಲಾಪುರ
1 ಫೆಬ್ರವರಿ 2025

ಮಕ್ಬೂಲನಿಗೆ ಆಶೀರ್ವಾದ.

ನಿನ್ನ ಪ್ರಶ್ನೆಯನ್ನು ಸಾವಿತ್ರೀಬಾಯಿಗೆ ಓದಿ ಹೇಳಿದೆ. ಸಿಟ್ಟಾಗಲಿಲ್ಲ, ನಕ್ಕಳು. ನೋಟ್‌ಬುಕ್ಕಿನಲ್ಲಿ ಬರೆದದ್ದು ಹೀಗಿದೆ: ‘ಅದು ನನ್ನ ಮಡಿ ಸೀರಿ ಅಂತ ಹೇಳ್ರಿ. ಬ್ಯಾರೆ ಒಗದು, ಬ್ಯಾರೆ ಹಗ್ಗಕ್ಕ ಕೋಲಿನಿಂದ ಹಾಕಿ ಒಣಗಿಸಿದ್ದು. ಇವರ ಖಾಕಿ ಹಂಗಿರ್ಲಿ, ಇವರ ನೆರಳ ಸೈತ ಬೀಳಗೊಟ್ಟಿಲ್ಲ. ಅದಕ್ಕೇ ಅದನ್ನ ಆರಿಸಿ ಕೊಟ್ಟೀನಿ.’ ನಾನು ಸೀರೆ ಎಂದಷ್ಟೇ ನೋಡಿದ್ದೆ. ಈ ಲೆಕ್ಕ ನನಗೆ ಹೊಳೆದಿರಲಿಲ್ಲ. ನಲವತ್ತು ವರ್ಷ ಆ ಮಡಿಯ ಬಗ್ಗೆ ಆಕೆಯನ್ನು ಚೇಷ್ಟೆ ಮಾಡಿದ್ದೇನೆ.

ನೀನು ನಿನ್ನದನ್ನು ಮುಚ್ಚಿಡದೆ ಬರೆದೆ. ನನ್ನದೂ ಒಂದಿದೆ. ನೀನು ಬಿಟ್ಟು ಹೋದ ಕೆಲವು ವರ್ಷದ ಮೇಲೆ, ಕಡ್ಡಿ ಪೂರೈಸುವವರು ಒಂದು ಕಾಗದ ಕಳಿಸಿದ್ದರು, ಈ ಧೂಳಿನ ಬಗ್ಗೆಯೇ. ಓದಿದೆ, ಸಹಿ ಮಾಡಿದೆ, ಫೈಲಿನಲ್ಲಿಟ್ಟೆ. ಕಪಾಟಿನ ತುಂಬ ಕೆಂಪು ಕಡ್ಡಿ ಇದ್ದವು, ಮುಗಿಯಲಿ ನೋಡೋಣ ಎಂದುಕೊಂಡೆ. ಮುಗಿದ ಮೇಲೆ ಮತ್ತೆ ಅವೇ ಬಂದವು. ನಿವೃತ್ತನಾಗುವವರೆಗೆ ಹುಡುಗರಿಗೆ ಬರಿ ಮುಖದಲ್ಲೇ ಮೊನೆ ಮಾಡಿಸಿದೆ. ನಿನ್ನ ಮೊದಲ ಪತ್ರ ಬಂದಾಗ ಎರಡು ದಿನ ಉತ್ತರ ಬರೆಯದೆ ಇಟ್ಟಿದ್ದು ಇದೇ ಕಾರಣಕ್ಕೆ. ಈಗ ಹಳೆಯ ಹಾಜರಿ ಪುಸ್ತಕ ಹಿಡಿದು, ವಿಳಾಸ ಸಿಕ್ಕವರಿಗೆಲ್ಲ ದಿನಕ್ಕೆ ಎರಡರಂತೆ ಪತ್ರ ಬರೆಯುತ್ತಿದ್ದೇನೆ. ನಿನಗೆ ಬರೆದ ಪತ್ರದ ನಕಲೇ, ಗಾಳಿಯಿಂದ ಊದಬಾರದೆಂಬ ಮಾತನ್ನು ಮೊದಲ ಸಾಲಿಗೆ ತಂದಿದ್ದೇನೆ.

ನಿನಗೆ ನನ್ನ ಮಾತಿಗಿಂತ ಅಳತೆ ಬೇಕು, ಗೊತ್ತು. ನನ್ನ ಸೋದರ ಸೊಸೆ ವಿದ್ಯಾವತಿ ಕಲಬುರಗಿಯಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ವಿಕಿರಣ ಎಣಿಸುವ ಯಂತ್ರ ತೆಗೆದುಕೊಂಡು ಒಂಬತ್ತನೆಯ ತಾರೀಕು ಭಾನುವಾರ ನಿನ್ನ ಮನೆಗೆ ಬರುತ್ತಾಳೆ. ಕೌದಿಯನ್ನೂ ಅವಳ ಕೈಯಲ್ಲಿ ಕಳಿಸುತ್ತೇನೆ. ಅವಳಿಗೆ ಚಹಾವನ್ನು ಅಂಗಡಿಯಲ್ಲಿ ಕೊಡಬೇಡ, ಒಳಗೆ ಕೊಡು.

ರಘೂತ್ತಮ


ಮೋಮಿನಪುರ
12 ಫೆಬ್ರವರಿ 2025

ಪೂಜ್ಯ ಸರ್ ಅವರಿಗೆ, ಬಾಯಿಯವರಿಗೆ, ಮಕ್ಬೂಲ್ ಮತ್ತು ಜೈನಾಬಿಯ ಸಲಾಂ.

ನಾಡಿದ್ದು ಶುಕ್ರವಾರ ಅಲ್ಫಿಯಾ ಬರುತ್ತಾಳೆ. ಗೌಸಿಯಾ ಅವರೇ ಕರೆತಂದು, ಎರಡು ದಿನ ಇದ್ದು ಹೋಗುತ್ತಾರಂತೆ. ‘ಗ್ವಾಡಿ ಖರೇನೇ ಕಟ್ಟ್ಯಾರೋ ಇಲ್ಲೋ ನೋಡಬೇಕಲ್ಲ’ ಎಂದು ಫೋನಿನಲ್ಲಿ ನಕ್ಕರು. ಹೊಸ ಕೌದಿಯನ್ನೂ ತರುತ್ತಾರೆ.

ವಿದ್ಯಾವತಿ ಮೇಡಂ ಭಾನುವಾರ ಬಂದಿದ್ದರು. ಯಂತ್ರ ಚಾಲೂ ಮಾಡಿದ ಕೂಡಲೇ ಟಕ್ ಟಕ್ ಅಂತು, ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮೇಡಂ, ‘ಕಾಕಾ, ಇದು ಎಲ್ಲಾ ಕಡೀಗೂ ಅಂತದ. ನೆಲದಾಗ, ಗ್ವಾಡ್ಯಾಗ, ಮುಗಿಲಿನಿಂದ್ಲೂ ಸ್ವಲ್ಪ ಇದ್ದೇ ಇರ್ತದ. ಎಷ್ಟು ಹೆಚ್ಚದ ಅನ್ನೂದು ನೋಡಬೇಕು’ ಎಂದರು. ಜೈನಾಬಿ, ‘ಇವರ ಎದಿಗೆ ಹಚ್ಚಿ ನೋಡ್ರಿ ಮೇಡಂ, ಚಿಂತಿ ಎಷ್ಟದ ತೋರಸ್ತದೇನು’ ಎಂದಳು. ಮೇಡಂ ಯಂತ್ರ ಹಿಡಿದುಕೊಂಡೇ ನಕ್ಕರು.

ಒಂದು ನಿಮಿಷಕ್ಕೆ ಎಷ್ಟು ಸಲ ಟಕ್ ಅನ್ನುತ್ತದೆ ಎಂದು ಎಣಿಸಿ ಬರೆದು ಕೊಟ್ಟಿದ್ದಾರೆ. ಹೊರಗೆ ರಸ್ತೆಯಲ್ಲಿ ಇಪ್ಪತ್ತೆರಡು. ಅಂಗಡಿಯ ನೆಲ ಇಪ್ಪತ್ತಾರು. ಹಳೆಯ ಗ್ರೈಂಡರಿನ ಕೆಳಗಿನ ತಟ್ಟೆ ಎಪ್ಪತ್ತೊಂದು. ಆ ತಟ್ಟೆಯನ್ನು ಹಾಗೆಯೇ ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಸೇರಿಸಿದೆವು. ಡಬ್ಬಿ ಎಲ್ಲಿಗೆ ಒಪ್ಪಿಸಬೇಕೆಂದು ಮೇಡಂ ಮೇಲಿನವರಿಗೆ ಬರೆದಿದ್ದಾರೆ. ಅಲ್ಲಿಯವರೆಗೆ ಅಂಗಡಿಯ ಮೂಲೆಯಲ್ಲಿ, ಬೀಗ ಹಾಕಿ. ಹಳೆಯ ಕೌದಿ ಇಪ್ಪತ್ನಾಲ್ಕು. ಹೆಚ್ಚೇನಿಲ್ಲ, ಆದರೆ ಯಂತ್ರ ಸುಮ್ಮನಿದೆ ಅಂತ ಕೂಸಿನ ಕೆಳಗೆ ಹಾಸಬೇಡಿರಿ, ಬೇರೆ ಬಟ್ಟೆ ಇದೆಯಲ್ಲ ಎಂದರು. ಅದೂ ಡಬ್ಬಿಗೆ. ಹಾಕುವಾಗ ಜೈನಾಬಿ ಹೊಲಿಗೆಯ ಮೇಲೆ ಒಮ್ಮೆ ಕೈ ಆಡಿಸಿದಳು, ಗವಸು ಹಾಕಿಕೊಂಡೇ.

ಒಳಕೋಣೆ ಇಪ್ಪತ್ತಮೂರು. ರಸ್ತೆಗಿಂತ ಒಂದು ಹೆಚ್ಚು ಅಲ್ಲವೇ ಎಂದು ಕೇಳಿದೆ. ಮತ್ತೆ ಎಣಿಸಿದರು, ಇಪ್ಪತ್ತೊಂದು ಬಂತು. ಒಂದೆರಡು ಹೀಗೆ ಮೇಲೆ ಕೆಳಗೆ ಆಗುತ್ತಲೇ ಇರುತ್ತದಂತೆ. ನನ್ನ ಸಮಾಧಾನಕ್ಕೆ ಐದು ಸಲ ಎಣಿಸಿದರು ಸರ್, ಬೇಸರ ಮಾಡಿಕೊಳ್ಳಲಿಲ್ಲ. ಅವರಿಗೆ ಒಳಗೇ ಚಹಾ ಕೊಟ್ಟೆವು.

ನೀವು ಕಾಗದ ಫೈಲಿನಲ್ಲಿಟ್ಟ ಮಾತನ್ನು ಎರಡು ಸಲ ಓದಿದೆ. ನನಗೆ ತಿಳಿದದ್ದು ಇಷ್ಟು. ಬೆಸುಗೆಯ ಕೈ ನೀವು ಕೊಟ್ಟಿರಿ, ಅದರಿಂದ ಮನೆ ನಡೆಯಿತು, ಮಗಳ ಮದುವೆಯಾಯಿತು. ಈಗ ಕಿವಿ ಕೇಳದ ಎಪ್ಪತ್ತು ದಾಟಿದ ನೀವು ಛತ್ರಿ ಹಿಡಿದು ಹಸಿರು ಬಾಗಿಲಿಗೆ ಹೋಗಿ ನನ್ನ ಸುಳ್ಳನ್ನು ನನ್ನ ಬದಲು ಒಪ್ಪಿಕೊಂಡು ಬಂದಿರಿ. ಮಗಳು ತವರಿಗೆ ಬರುವುದು ಇದರಿಂದ. ಹಾಜರಿ ಪುಸ್ತಕದಲ್ಲಿ ಮೋಮಿನಪುರದ ಕಡೆಯವರು ಯಾರಿದ್ದರೂ ಹೆಸರು ಬರೆದು ಕಳಿಸಿರಿ, ಅವರ ಪತ್ರಗಳನ್ನು ನಾನೇ ಅಂಗಡಿ ಅಂಗಡಿಗೆ ಹೋಗಿ ಓದಿ ಹೇಳಿ ಬರುತ್ತೇನೆ. ಓದಲು ಬರುವಷ್ಟು ಶಾಲೆ ನನಗಾಗಿದೆ.

ಇನ್ನು ಒಂದೇ ಒಂದು. ಮೇಡಂ ಒಳಕೋಣೆಯಲ್ಲಿ ಯಂತ್ರ ಹಿಡಿದದ್ದು ಕಿಟಕಿಯ ಕಡೆ, ತೊಟ್ಟಿಲು ಅಲ್ಲೇ ಕಟ್ಟುವವರಿದ್ದೆವು. ನಿನ್ನೆ ಜೈನಾಬಿ, ಕಿಟಕಿಯಿಂದ ಗಾಳಿ ಹೊಡೆಯುತ್ತದೆ ಎಂದು ತೊಟ್ಟಿಲಿನ ಕೊಂಡಿಯನ್ನು ಎದುರು ಗೋಡೆಯ ಕಡೆಗೆ ಸರಿಸಿದ್ದಾಳೆ. ಅಳೆದು ನೋಡಿದೆ, ಬರೋಬ್ಬರಿ ನಾಲ್ಕು ಮೊಳ ದೂರ. ಮೇಡಂ ಅವರು ಮತ್ತೆ ಈ ಕಡೆ ಬಂದಾಗ ಅಲ್ಲಿಯೂ ಒಮ್ಮೆ ಎಣಿಸಬೇಕೆಂದು ದಯಮಾಡಿ ಅವರಿಗೆ ಒಂದು ಸಾಲು ಬರೆಯಿರಿ.

ನಿಮ್ಮ ಮಕ್ಬೂಲ್